ಸಹಾಯ ಬೇಕು: ಕಿಂಗೈಟ್‌ನಲ್ಲಿ ಡಾಕ್ಯುಮೆಂಟರಿ ಶೂಟಿಂಗ್

ಎಲ್ಲರಿಗೂ ನಮಸ್ಕಾರ. ನಾನಿರುವುದು ಟೊರಾಂಟೋದಲ್ಲಿ. ಉತ್ತರ ಕೆನಡಾದ ನುನಾವುಟ್ ಪ್ರದೇಶದ ಕಿಂಗೈಟ್ (ಹಳೆಯ ಹೆಸರು ಕೇಪ್ ಡಾರ್ಸೆಟ್) ಊರಿನ ಇನುಯಿಟ್ (ಅಲ್ಲಿನ ಮೂಲನಿವಾಸಿ) ಕಲಾವಿದರ ಬಗ್ಗೆ ಒಂದು ಸಣ್ಣ ಡಾಕ್ಯುಮೆಂಟರಿ ಮಾಡುತ್ತಿದ್ದೇನೆ. ಆ ಊರಿನ ಕಲಾವಿದೆ ಕೆನೊಜುವಾಕ್ ಅಶೆವಾಕ್ ಬಿಡಿಸಿದ ಗೂಬೆ 1970ರಲ್ಲಿ ಕೆನಡಾದ ಅಂಚೆಚೀಟಿಯಲ್ಲೂ ಬಂದಿತ್ತು, ಕೆಲವರಾದರೂ ನೋಡಿರ್ತೀರಿ ಅಲ್ವಾ? ಅಲ್ಲಿ ಕಲಾವಿದರು ಕಾಗದದ ಮೇಲೆ ಚಿತ್ರ ಬರೆದರೆ, ಅದನ್ನು ಕಲ್ಲಿನಲ್ಲಿ ಕೆತ್ತಿ, ಉಬ್ಬಿದ ಭಾಗಕ್ಕೆ ಶಾಯಿ ಹಚ್ಚಿ, ತೆಳು ಕಾಗದ ಹಾಸಿ ಕೈಯಿಂದಲೇ ಉಜ್ಜಿ ಅಚ್ಚು ತೆಗೆಯುವವರು ಬೇರೆಯವರು. ನನಗೆ ಆ ಕೆತ್ತುವವರ ಕೈಗಳನ್ನೇ ಜಾಸ್ತಿ ತೋರಿಸಬೇಕು ಅಂತ ಆಸೆ.

ಮಾರ್ಚ್‌ನಲ್ಲಿ ಹೋಗುತ್ತೇನೆ. ಆಗಲೂ ಅಲ್ಲಿ ಮೈನಸ್ 20ರ ಆಸುಪಾಸಿನ ಚಳಿ. ವಿಮಾನ ಬಿಟ್ಟರೆ ಬೇರೆ ದಾರಿಯಿಲ್ಲ, ಹಾಗಾಗಿ ಸಾಮಾನು ಕಡಿಮೆ ಇರಬೇಕು. ಲಡಾಖ್, ಸ್ಪಿತಿ ಕಡೆ ಚಳಿಗಾಲದಲ್ಲಿ ಶೂಟ್ ಮಾಡಿದವರು ದಯವಿಟ್ಟು ಹೇಳಿ: ಬ್ಯಾಟರಿ ಬೇಗ ಇಳಿಯದಂತೆ ಏನು ಮಾಡಿದಿರಿ? ಹೊರಗಿಂದ ಬೆಚ್ಚಗಿನ ಕೋಣೆಗೆ ಬಂದಾಗ ಲೆನ್ಸ್ ಮೇಲೆ ನೀರು ಕೂರದಂತೆ ಕ್ಯಾಮೆರಾವನ್ನು ಚೀಲದಲ್ಲೇ ಎಷ್ಟು ಹೊತ್ತು ಬಿಡಬೇಕು? ಹಸಿ ಶಾಯಿ ಹಚ್ಚಿದ ಕಲ್ಲು ಹೊಳೆಯದಂತೆ ಲೈಟ್ ಎಲ್ಲಿಡಬೇಕು?

ಇನ್ನೊಂದು, ನನಗೆ ಇದೇ ಮುಖ್ಯ. ಕಲಾವಿದರ ಒಪ್ಪಿಗೆ ಪತ್ರ ಬರೆಯಲು ಗೊತ್ತಿರುವವರು ಬೇಕು. ಸುಮ್ನೆ ಸಹಿ ಹಾಕಿಸಿಕೊಂಡು ಬರುವುದು ಸರಿಯಲ್ಲ. ಅವರ ಚಿತ್ರದ ಹಕ್ಕು ಅವರ ಹತ್ತಿರವೇ ಉಳಿಯಬೇಕು, ಎಡಿಟ್ ಆದ ಮೇಲೆ ಅವರು ನೋಡಿ ಬೇಡ ಅಂದ ಭಾಗ ತೆಗೆಯುವಂತಿರಬೇಕು. ಇಂಥ ಪತ್ರ ಮಾಡಿದವರಿದ್ದರೆ ಇಲ್ಲೇ ಕಾಮೆಂಟ್ ಹಾಕಿ, ನಾನೇ ಮೆಸೇಜ್ ಮಾಡುತ್ತೇನೆ.