ಟ್ರ್ಯಾಕ್ಟರ್ ಇಂಜಿನ್ ಬ್ಲಾಕಿನ ಡ್ರೇನ್ ಪ್ಲಗ್ ಜಂಗು ಹಿಡಿದು ಜಾಮ್ ಆಗೈತಿ, ತಗಿಯೂದು ಹ್ಯಾಂಗ?

ಪ್ರಶ್ನೆ, ಮುಧೋಳ:
ಮೂರು ಸಿಲಿಂಡರ್ ಡೀಸೆಲ್ ಟ್ರ್ಯಾಕ್ಟರ್. ಕಬ್ಬಿನ ಹಂಗಾಮು ಶುರು ಆಗೂದರಾಗ ಬ್ಲಾಕಿನ ನೀರು ಪೂರ್ತಿ ತಗದು ಕೂಲಂಟ್ ಹಾಕಬೇಕು. ಬ್ಲಾಕಿನ ಬಾಜೂಕ ಇರೋ ಸ್ಟೀಲ್ ಪ್ಲಗ್ ಅಳ್ಳಾಡವಲ್ದು. ಅಲೆನ್ ಕೀ ಕೂಡೋ ತಗ್ಗಿನ ಮೂಲಿ ಅರ್ಧ ಸವದಾವ. ಇಷ್ಟು ದಿನ ಬೋರಿನ ನೀರ ಹಾಕಿದ್ದು. ಡಬ್ಲ್ಯೂಡಿ-40 ಹೊಡದು ರಾತ್ರಿ ಬಿಟ್ರೂ ಆಗಲಿಲ್ಲ. ಈಜಿ-ಔಟ್ (ತೂತು ಕೊರದು ಒಳಗ ತಿರುವಿ ಜಾಮ್ ಆದದ್ದನ್ನ ತಗಿಯೋ ಹತ್ಯಾರ) ಹಾಕ್ಲೇನ್ರಿ?

ಉತ್ತರ, ಬೆಳಗಾವಿ ಉದ್ಯಮಬಾಗ:
ಈಜಿ-ಔಟ್ ಬೇಡ್ರಿ. ಅದು ಗಟ್ಟಿ ಹದದ ಉಕ್ಕು, ಬಾಗುವುದಿಲ್ಲ, ಪ್ಲಗ್ ಒಳಗೇ ಮುರಿಯುತ್ತದೆ. ಮುರಿದ ತುಂಡಿನ ಮೇಲೆ ಸಾದಾ ಡ್ರಿಲ್ ಇಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅದು ಪ್ಲಗ್ಗಿನ ಗೋಡೆಯನ್ನು ಹೊರಕ್ಕೆ ತಳ್ಳಿ ಥ್ರೆಡ್ಡನ್ನು ಇನ್ನೂ ಬಿಗಿ ಮಾಡುತ್ತದೆ.

ಕಬ್ಬಿಣ ಜಂಗಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಥ್ರೆಡ್ ಸಂದಿಯಲ್ಲಿ ಆ ಜಾಗ ಎಲ್ಲಿದೆ? ಹೀಗಾಗಿ ಎಣ್ಣೆ ಒಳಗೆ ಹೋಗುವ ದಾರಿಯೇ ಮುಚ್ಚಿರುತ್ತದೆ. ಮೊದಲು ಜಂಗಿನ ಪದರ ಒಡೆಯಬೇಕು. ಒಡೆಯುವುದು ಪೆಟ್ಟು ಮತ್ತು ಶಾಖ, ಉದ್ದ ಪೈಪ್ ಹಾಕಿ ಜಗ್ಗುವುದಲ್ಲ.

ವೈರ್ ಬ್ರಷ್‌ನಿಂದ ಅಂಚು ಉಜ್ಜಿ, ಅಸಿಟೋನ್ ಮತ್ತು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ) ಎಣ್ಣೆ ಸಮ ಪಾಲು ಬೆರೆಸಿ ಹಚ್ಚಿರಿ. ಇವೆರಡೂ ಬೇಗ ಬೇರೆಯಾಗುತ್ತವೆ, ಪ್ರತಿ ಸಲ ಅಲುಗಾಡಿಸಬೇಕು. ನಂತರ ಚಪ್ಪಟೆ ಪಂಚ್ ಇಟ್ಟು ಅರ್ಧ ಕಿಲೋ ಸುತ್ತಿಗೆಯಿಂದ ಪ್ಲಗ್ ನಡುವೆ ನೇರ, ಚುರುಕು ಪೆಟ್ಟು ಹತ್ತಿಪ್ಪತ್ತು. ಬ್ಲಾಕಿಗೆ ಹೊಡೆಯಬೇಡಿ, ಅದು ಬೀಡು (ಎರಕದ ಕಬ್ಬಿಣ), ಸೀಳುತ್ತದೆ. ಹಚ್ಚುವುದು, ಬಡಿಯುವುದು ಒಂದು ದಿನವಾದರೂ ನಡೆಯಲಿ.

ಇನ್ನೂ ಹಂದದಿದ್ದರೆ ನಟ್ ವೆಲ್ಡ್ ಮಾಡಿಸುವುದೇ ಸರಿ. ಬ್ಲಾಕ್ ಕಾಯಿಸಿ ಉಪಯೋಗವಿಲ್ಲ. ಬೀಡು, ಸ್ಟೀಲ್ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. (ಅಲ್ಯೂಮಿನಿಯಂ ಹೌಸಿಂಗ್ ಆಗಿದ್ದರೆ ಹೌಸಿಂಗನ್ನೇ ಕಾಯಿಸಬೇಕು, ಅದು ಸ್ಟೀಲಿನ ಸುಮಾರು ಎರಡರಷ್ಟು ಹಿಗ್ಗುತ್ತದೆ.) ಇಲ್ಲಿ ಶಾಖ ಪ್ಲಗ್ಗಿಗೆ ಮಾತ್ರ ಹೋಗಬೇಕು. 20 ಮಿ.ಮೀ. ಪ್ಲಗ್ ಬ್ಲಾಕಿಗಿಂತ 400 ಡಿಗ್ರಿ ಹೆಚ್ಚು ಕಾದರೆ ಸುಮಾರು 0.1 ಮಿ.ಮೀ. ಹಿಗ್ಗಿ ಜಂಗನ್ನು ಪುಡಿ ಮಾಡುತ್ತದೆ. ಆರಿದಾಗ ಕುಗ್ಗಿ ಸಂದು ಬಿಡುತ್ತದೆ.

ಬ್ಯಾಟರಿಯ ಎರಡೂ ಟರ್ಮಿನಲ್, ಆಲ್ಟರ್ನೇಟರ್ ವೈರ್ ಬಿಚ್ಚಿರಿ. ಅಸಿಟೋನ್ ಪೂರ್ತಿ ಒರೆಸಿ ಆರಲಿ. ಹತ್ತಿರದ ಡೀಸೆಲ್ ಪೈಪಿಗೆ ಒದ್ದೆ ಗೋಣಿ ಮುಚ್ಚಿರಿ. ರೇಡಿಯೇಟರ್ ಕೆಳಗಿನ ಹೋಸ್ ಬಿಚ್ಚಿ ಬರುವಷ್ಟು ನೀರು ಬಿಡಿರಿ, ಕ್ಯಾಪ್ ತೆಗೆದೇ ಇರಲಿ, ಒಳಗುಳಿದ ನೀರು ಆವಿಯಾದರೆ ಹೊರಬರಬೇಕು. ಸತುವಿನ ಲೇಪ ಉಜ್ಜಿ ತೆಗೆದ 12 ಎಂಎಂ ನಟ್ಟನ್ನು ಪ್ಲಗ್ ಮೇಲಿಟ್ಟು, 2.5 ಎಂಎಂ ವೆಲ್ಡಿಂಗ್ ರಾಡಿನಿಂದ ನಟ್ಟಿನ ತೂತಿನೊಳಗೆ ತಳದಿಂದ ತುಂಬಿಸಬೇಕು. ಅರ್ಥ್ ಕ್ಲಾಂಪ್ ಪ್ಲಗ್ ಪಕ್ಕದ ಬ್ಲಾಕಿಗೇ. ರಾಡು ಬೀಡಿಗೆ ತಾಗಬಾರದು.

ಕೆಂಪು ಹೋದ ಮೇಲೆ ಅಂಚಿಗೆ ಮೇಣದಬತ್ತಿ ಮುಟ್ಟಿಸಿರಿ, ಕರಗಿ ಥ್ರೆಡ್ ಒಳಗೆ ಓಡುತ್ತದೆ. ಬೇಗ ಆರಲೆಂದು ನೀರು ಸುರಿಯಬೇಡಿ, ಬೀಡು ಸೀಳುತ್ತದೆ. ಆಮೇಲೆ ರಿಂಗ್ ಪಾನಾದಿಂದ ಮೊದಲು ಕೊಂಚ ಬಿಗಿ ಕಡೆ, ನಂತರ ಸಡಿಲ ಕಡೆ. ಕಾಲು ಸುತ್ತು ಬಂದರೆ ಎಣ್ಣೆ ಬಿಟ್ಟು ಮತ್ತೆ ಹಿಂದೆ ತಿರುಗಿಸಿರಿ. ಒಂದೇ ಉಸಿರಿಗೆ ಬಿಚ್ಚಿದರೆ ಜಂಗಿನ ಪುಡಿ ಬ್ಲಾಕಿನ ಥ್ರೆಡ್ ಕಿತ್ತುಕೊಂಡು ಬರುತ್ತದೆ. ನಟ್ ಕಿತ್ತುಬಂದರೆ ಬೇಸರ ಬೇಡ, ಇನ್ನೊಂದು ಹಚ್ಚಿರಿ, ಎರಡನೇ ಶಾಖಕ್ಕೆ ಬಹಳಷ್ಟು ಪ್ಲಗ್ ಮಣಿಯುತ್ತವೆ.

ಉತ್ತರ, ವಿಜಯಪುರ:
ಮ್ಯಾಲಿನವರು ಹೇಳಿದ್ದು ಖರೆ. ವೆಲ್ಡಿಂಗಿಗೂ ಬರಲಿಲ್ಲಂದ್ರ ಡ್ರಿಲ್. ಸೆಂಟರ್ ಪಂಚ್ ನಟ್ಟನಡುವ ಕೂಡಬೇಕು, ಒಂದು ಎಂಎಂ ತಪ್ಪಿದ್ರೂ ಬ್ಲಾಕಿನ ಥ್ರೆಡ್ ಒಂದು ಬದಿ ಹೋಗ್ತದ. ಸಣ್ಣ ಡ್ರಿಲ್‌ನಿಂದ ಮೆಲ್ಲಕ ದೊಡ್ಡದಕ್ಕ ಹೋಗ್ರಿ. ಪ್ಲಗ್ 18×1.5 (18 ಎಂಎಂ ವ್ಯಾಸ, 1.5 ಎಂಎಂ ಥ್ರೆಡ್ ಅಂತರ) ಇದ್ರ ಟ್ಯಾಪಿನ ಡ್ರಿಲ್, ಅಂದ್ರ ಥ್ರೆಡ್ ಕೊರಿಯೋಕ ಮುಂಚೆ ಹಾಕೋ ತೂತು, 16.5 ಎಂಎಂ. ನೀವು 16ಕ್ಕ ನಿಲ್ರಿ, ಉಳಿದ ತೆಳು ಸುರುಳಿ ಸಣ್ಣ ಉಳಿಯಿಂದ ಒಳಮುಖ ಮಡಚಿ ತಗೀರಿ.

ಪ್ರಶ್ನೆ, ಮುಧೋಳ:
ನಟ್ ವೆಲ್ಡಿಂಗಿಗೆ ಬಂತು. ಆದ್ರ ಒಂದ್ ಹನಿ ನೀರೂ ಬರವಲ್ದು! ಪ್ಲಗ್ ಹೊರವ್ಯಾಸ ಸುಮಾರು 21 ಎಂಎಂ, ಇಂಚಿಗೆ 14 ಥ್ರೆಡ್ ಅದಾವ.

ಉತ್ತರ, ಬೆಳಗಾವಿ ಉದ್ಯಮಬಾಗ:
ಬೋರ್ ನೀರಿನ ಸುಣ್ಣ, ಜಂಗು ಕೂಡಿ ಒಳಗೆ ಕೆಸರಾಗಿ ಕೂತಿದೆ. ಗಟ್ಟಿ ತಂತಿ ತೂರಿಸಿ ಕೆದಕಿರಿ, ನಂತರ ಮೇಲಿನ ಹೋಸಿನಿಂದ ನೀರು ಹಾಯಿಸಿ ತಿಳಿ ಬರುವವರೆಗೆ ತೊಳೆಯಿರಿ.

ಅಳತೆ ಅರ್ಧ ಇಂಚು ಪೈಪ್ ಥ್ರೆಡ್ಡಿನದು (ಅರ್ಧ ಇಂಚು ಪೈಪಿನ ಹೆಸರಷ್ಟೇ, ಥ್ರೆಡ್ಡಿನ ಹೊರವ್ಯಾಸವಲ್ಲ). ಆದರೆ ಬಿಎಸ್‌ಪಿ, ಎನ್‌ಪಿಟಿ (ಬ್ರಿಟಿಷ್, ಅಮೆರಿಕನ್ ಪೈಪ್ ಥ್ರೆಡ್ ಮಾದರಿ) ಎರಡಕ್ಕೂ ಅರ್ಧ ಇಂಚಿನಲ್ಲಿ ಇಂಚಿಗೆ 14 ಥ್ರೆಡ್ಡೇ. ಬಿಎಸ್‌ಪಿ ಕೋನ 55 ಡಿಗ್ರಿ, ಎನ್‌ಪಿಟಿ 60. ಥ್ರೆಡ್ ಗೇಜ್ ಇಟ್ಟು ನೋಡಿಯೇ ಹೊಸದು ತನ್ನಿರಿ, ತಪ್ಪಿದ್ದು ಎರಡು ಮೂರು ಸುತ್ತು ಹೋಗುತ್ತದೆ, ಆಮೇಲೆ ಸೋರುತ್ತದೆ. ಹಿತ್ತಾಳೆಯದು ಒಳ್ಳೆಯದು, ಬೀಡಿನಲ್ಲಿ ಹೀಗೆ ಕಚ್ಚಿಕೊಳ್ಳುವುದಿಲ್ಲ. ಟೆಫ್ಲಾನ್ ಟೇಪ್ ಮೂರು ಸುತ್ತು, ಬಿಗಿಯುವ ದಿಕ್ಕಿಗೇ. ಟೇಪರ್ (ತುದಿಗೆ ಸಣ್ಣಗಾಗುವ) ಪ್ಲಗ್ಗಾದ್ದರಿಂದ ಕೈಬಿಗಿ ಆದ ಮೇಲೆ ಒಂದೂವರೆ ಸುತ್ತು ಸಾಕು, ಅತಿಯಾದರೆ ಬ್ಲಾಕ್ ಸೀಳುತ್ತದೆ. ಕೂಲಂಟಿಗೆ ಬೋರ್ ನೀರು ಬೆರೆಸಬೇಡಿ, ಡಿಸ್ಟಿಲ್ಡ್ ವಾಟರ್ ಸಮ ಪಾಲು. ಇಂಜಿನ್ ಪೂರ್ತಿ ಬಿಸಿಯಾದಾಗ ಒಮ್ಮೆ, ಆರಿದಾಗ ಒಮ್ಮೆ ಪ್ಲಗ್ ಸುತ್ತ ಒಣ ಬಟ್ಟೆ ಒತ್ತಿ ನೋಡಿರಿ.