ಕೇರಿಯ ಪಾರಂಪರಿಕ ನಡಿಗೆ: ನಡೆಸಿದವರ ಅನುಭವ ಬೇಕಾಗಿದೆ

ಅಗ್ರಹಾರ ನಿವಾಸಿ: ಮೈಸೂರಿನ ಅಗ್ರಹಾರದಲ್ಲಿ ನಾವು ನಾಲ್ಕಾರು ಮನೆಯವರು ಸೇರಿ, ತಿಂಗಳಿಗೊಂದು ಭಾನುವಾರ ಸಂತೇಪೇಟೆಯವರೆಗೆ ಪಾರಂಪರಿಕ ನಡಿಗೆಯನ್ನೂ ವರ್ಷಕ್ಕೊಮ್ಮೆ ಮನೆಮನೆಯ ಹಳೆಯ ಛಾಯಾಚಿತ್ರಗಳ ಪ್ರದರ್ಶನವನ್ನೂ ಏರ್ಪಡಿಸಬೇಕೆಂದಿದ್ದೇವೆ. ಶುಲ್ಕ ಇಡಬೇಕೆ? ಮನೆಗಳ ಒಳಗೆ ಜನರನ್ನು ಕರೆದೊಯ್ಯಬಹುದೆ? ನಡೆಸಿದವರು ದಯವಿಟ್ಟು ತಿಳಿಸಿ.

ದೇವರಾಜ ಮೊಹಲ್ಲಾದವರು: ಶುಲ್ಕವಿಲ್ಲದೆ ಆರಂಭಿಸಲೇಬೇಡಿ. ಪುರಭವನದಿಂದ ಹೊರಟು ದೊಡ್ಡ ಗಡಿಯಾರ, ಚಾಮರಾಜ ವೃತ್ತ, ಚಿಕ್ಕ ಗಡಿಯಾರಗಳನ್ನು ತೋರಿಸಿ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಮುಗಿಯುವ ನಡಿಗೆಯನ್ನು ನಾನು ಹಲವು ವರ್ಷ ನಡೆಸಿದ್ದೇನೆ. ಉಚಿತವಾಗಿದ್ದಾಗ ಎಪ್ಪತ್ತು ಮಂದಿ ಹೆಸರು ಕೊಟ್ಟರೆ ಹದಿನೈದು ಮಂದಿ ಬರುತ್ತಿದ್ದರು. ಮೊದಲೇ ಹೇಳಿಟ್ಟ ಇಡ್ಲಿ-ವಡೆಯ ಹಣ ನನ್ನ ಜೇಬಿನಿಂದ ಹೋಗುತ್ತಿತ್ತು. ತಲೆಗೆ ₹150 ಎಂದ ಮೇಲೆ ಹೆಸರು ಕೊಟ್ಟವರೆಲ್ಲ ಬಂದರು. ಅದರಲ್ಲಿ ತಿಂಡಿ-ಕಾಫಿಗೆ ₹70, ನಕ್ಷೆಯ ಮುದ್ರಣಕ್ಕೆ ಪ್ರತಿಯೊಂದಕ್ಕೆ ₹18, ಹೆಗಲಿಗೆ ತೂಗುಹಾಕುವ ಧ್ವನಿವರ್ಧಕದ ಬಾಡಿಗೆ ಬೇರೆ. ಒಂದು ಬೆಳಿಗ್ಗೆ ಮಳೆಗೆ ಅದು ನೆನೆದು ಕೆಟ್ಟಾಗ ₹3,200 ದಂಡ ತೆತ್ತವನು ನಾನೇ, ಸಮಿತಿಯವರಲ್ಲ.

ಆದರೂ ಬಿಡಲಿಲ್ಲ. ದೊಡ್ಡ ಗಡಿಯಾರವನ್ನು ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕಾಗಿ 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದರು, ಅದರ ಮುಖದಲ್ಲಿರುವುದು ಕನ್ನಡದ ಅಂಕಿಗಳು ಎಂದಾಗ, ಅದರ ಸುತ್ತಲೇ ಓಡಾಡಿ ಬೆಳೆದವರೂ ತಲೆಯೆತ್ತಿ ನೋಡುತ್ತಾರೆ. ಒಂದು ಎಚ್ಚರಿಕೆ: ಹಳೆಯ ಕಟ್ಟಡದ ಚಾವಣಿಯಡಿ ಜನರನ್ನು ನಿಲ್ಲಿಸಿ ಕಥೆ ಹೇಳಬೇಡಿ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ತೀರಿಕೊಂಡರು. 2016ರ ಆಗಸ್ಟಿನಲ್ಲಿ ಮಾರುಕಟ್ಟೆಯದೇ ಒಂದು ಭಾಗ ಕುಸಿಯಿತು.

ಕೃಷ್ಣರಾಜ ಮೊಹಲ್ಲಾದ ಗೃಹಿಣಿ: ನಡಿಗೆಯವರಿಗೆ ನಮ್ಮ ತೊಟ್ಟಿ ಮನೆಯ ಬಾಗಿಲು ತೆರೆದವಳು ನಾನು. ಬಂದವರಲ್ಲಿ ಇಬ್ಬರು ಚಪ್ಪಲಿ ಬಿಡದೆ ದೇವರ ಮನೆಯ ಹೊಸ್ತಿಲವರೆಗೆ ಬಂದರು. ಒಬ್ಬರು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ನಮ್ಮ ಅತ್ತೆಯವರ ಚಿತ್ರವನ್ನು ಕೇಳದೆ ತೆಗೆದು ಊರಿಗೆಲ್ಲ ಹಂಚಿದರು. ಮರುವಾರವೇ ನಿವೇಶನದ ದಲ್ಲಾಳಿಗಳು ಬಾಗಿಲು ಬಡಿದರು. ‘ಇದನ್ನು ಉಳಿಸಿಕೊಳ್ಳಿ ಅಮ್ಮಾ’ ಎಂದು ಹೇಳಿ ಹೋಗುವುದು ಸುಲಭ. ಉಳಿಸುವುದಕ್ಕೆ ಏನು ತಗಲುತ್ತದೆ ಎಂಬುದನ್ನು ಬರೆಯುತ್ತೇನೆ. ನಮ್ಮದು ಮದ್ರಾಸ್ ತಾರಸಿ: ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆ ಹಾಕಿದ್ದು. ಮೂರು ತೊಲೆಗಳ ತುದಿ ಗೆದ್ದಲು ಹಿಡಿದಿತ್ತು. ಮರಕ್ಕೆ ₹86,000, ಗಾರೆ ಮೇಸ್ತ್ರಿಗೆ ದಿನಕ್ಕೆ ₹1,400, ಕೈಯಾಳಿಗೆ ₹800. ಸುಣ್ಣವನ್ನು ಹಿತ್ತಲ ಗುಂಡಿಯಲ್ಲಿ ಅರಳಿಸಿ, ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರನ್ನು ಬೆರೆಸಿ, ಮರದ ಹಲಗೆಯಿಂದ ತಟ್ಟಿ ತಟ್ಟಿ ಗಟ್ಟಿಮಾಡಿಸಿದ್ದು. ಬೀದಿಗೆಲ್ಲ ಬೆಲ್ಲದ ಹುಳಿವಾಸನೆ, ಮೇಸ್ತ್ರಿ ಮಧ್ಯೆ ಮಗಳ ಮದುವೆಗೆಂದು ಊರಿಗೆ ಹೋದದ್ದು, ಅಷ್ಟರಲ್ಲಿ ಆಷಾಢದ ಜಡಿ ಹಿಡಿದದ್ದು, ಇವೆಲ್ಲ ಲೆಕ್ಕಕ್ಕೆ ಸೇರುವುದಿಲ್ಲ. ಸಿಮೆಂಟು ಹಾಕಿಸಿದವರೆಲ್ಲ ಗೋಡೆಯ ತೇವವನ್ನು ಒಳಗೇ ಕೂಡಿಹಾಕಿ, ಗಾರೆ ಉದುರಿದ ಮೇಲೆ ‘ಹಳೆಯ ಮನೆಯೇ ಹೀಗೆ’ ಎನ್ನುತ್ತಾರೆ.

ರಾಮಾನುಜ ರಸ್ತೆಯವರು: ಆ ಕೊನೆಯ ಮಾತು ನನ್ನಂಥವರಿಗೆಂದು ಅರ್ಥವಾಯಿತು. ಹೌದಮ್ಮ, ನಾನು ಸಿಮೆಂಟನ್ನೇ ಹಾಕಿಸಿದೆ. ತಂದೆಯವರು ಹಾಸಿಗೆ ಹಿಡಿದಿದ್ದಾಗ, ಮೂವರು ದಾಯಾದಿಗಳಲ್ಲಿ ಇಬ್ಬರು ಕೈಚೆಲ್ಲಿದ್ದಾಗ, ಸುಣ್ಣ ಅರಳಲೆಂದು ಕಾಯುವ ಪುರುಸೊತ್ತು ನನಗಿರಲಿಲ್ಲ. ಕೊನೆಗೆ ಮನೆಯನ್ನು ಮಾರಿದ್ದೂ ನಾನೇ, ಅದಕ್ಕೆ ಪಶ್ಚಾತ್ತಾಪವಿಲ್ಲ. ಪ್ರಶ್ನೆ ಕೇಳಿದವರಿಗೆ ನನ್ನ ಮಾತು ಇಷ್ಟೆ: ನಡಿಗೆಯೆಂದು ಇಂದು ಬರುತ್ತಾರೆ, ನಾಳೆ ಮನೆ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರುತ್ತದೆ, ನಾಡಿದ್ದು ನಿಮ್ಮದೇ ಕಿಟಕಿಯನ್ನು ಬದಲಿಸಲು ನೂರು ಮೀಟರಿನ ಕಾನೂನು ಅಡ್ಡ ಬರುತ್ತದೆ.

ಗಂಜಾಂನವರು: ಸ್ವಾಮಿ, ಆ ಕಾನೂನಿನೊಳಗೆ ಬದುಕುತ್ತಿರುವವರು ಶ್ರೀರಂಗಪಟ್ಟಣದ ನಾವು, ತಾವು ಅದನ್ನು ರಾಮಾನುಜ ರಸ್ತೆಗೆ ಎಳೆದು ತರಬೇಡಿ. ಸುತ್ತಲಿನ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ ಎಂಬ ನಿಯಮವಿರುವುದು ಕೇಂದ್ರದ ಪುರಾತತ್ವ ಸರ್ವೇಕ್ಷಣದ ಸಂರಕ್ಷಣೆಯಲ್ಲಿರುವ ಸ್ಮಾರಕಗಳಿಗೆ, ಎಂದರೆ ನಮ್ಮ ದರಿಯಾ ದೌಲತ್, ಗುಂಬಜ್‌ನಂಥವಕ್ಕೆ. ಯಾರೋ ನಾಲ್ಕು ಜನ ನಿಮ್ಮ ಮನೆಯ ಮುಂದೆ ನಡೆದುಹೋದ ಮಾತ್ರಕ್ಕೆ ಅದು ಅನ್ವಯಿಸುವುದಿಲ್ಲ. ಬಚ್ಚಲುಮನೆಯ ಗೋಡೆ ಬಿದ್ದಾಗ ದುರಸ್ತಿಯ ಅನುಮತಿಗಾಗಿ ನಾನು ಮಾಡಿಸಿದ ನಕ್ಷೆಗೆ ₹6,500, ಜೆರಾಕ್ಸ್ ಮತ್ತು ಪ್ರಮಾಣಪತ್ರಗಳಿಗೆ ₹900. ಅನುಮತಿ ಬರುವವರೆಗೆ ತಗಡಿನ ಮರೆಯಲ್ಲಿ ಸ್ನಾನ. ಆದರೆ ರೈಲಿನ ಜೋಡಿ ಮಾರ್ಗಕ್ಕೆ ಅಡ್ಡವಾಗಿದ್ದ ಟಿಪ್ಪು ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಇಡಿಯಾಗಿ ಎತ್ತಿ ಸುಮಾರು 100 ಮೀಟರ್ ಆಚೆ ಸರಿಸಿದರು. ಮನಸ್ಸಿದ್ದರೆ ಹಾಗೆ! ಹುಡುಗರನ್ನು ಕರೆದುಕೊಂಡು ಹೋಗಿ ತೋರಿಸಿದರೆ, ಇಷ್ಟು ದೊಡ್ಡ ಕಟ್ಟಡವನ್ನು ಎತ್ತಲು ಎಷ್ಟು ಜಾಕ್ ಬೇಕಾಯಿತು ಎಂದೇ ಎಲ್ಲರೂ ಕೇಳುತ್ತಾರೆ, ಟಿಪ್ಪುವಿನ ಬಗ್ಗೆ ಯಾರೂ ಕೇಳುವುದಿಲ್ಲ.

ನಜರ್‌ಬಾದ್ ಗರಡಿಯವರು: ಗಡಿಯಾರ, ತೊಟ್ಟಿ ಮನೆ, ದರಿಯಾ ದೌಲತ್ ಎಲ್ಲ ಆಯಿತು, ಗರಡಿ ಮನೆ ಯಾರ ನಕ್ಷೆಯಲ್ಲೂ ಇಲ್ಲ. ದಸರೆಯಲ್ಲಿ ವಜ್ರಮುಷ್ಟಿ ಕಾಳಗ ನೋಡಲು ಅರಮನೆಗೆ ನುಗ್ಗುವವರು, ಆ ಜಟ್ಟಿಗಳ ಪರಂಪರೆಯನ್ನು ಕೇರಿಯಲ್ಲಿ ಹುಡುಕುವುದಿಲ್ಲ. ನಮ್ಮ ಗರಡಿಯ ಬಾಗಿಲು ತಗ್ಗು, ತಲೆ ಬಾಗಿಸಿಯೇ ಒಳಗೆ ಬರಬೇಕು. ಕುಸ್ತಿಯಾಡುವ ಮಟ್ಟಿಯ ಕೆಂಪು ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಯಾರೂ ಇಳಿಯುವುದಿಲ್ಲ. ಒಂದು ಲೋಡ್ ಮಣ್ಣಿಗೆ ಈಗ ₹7,000. ದೇವರಾಜ ಮೊಹಲ್ಲಾದವರು ಹಿಂದೊಮ್ಮೆ ಮೂವತ್ತು ಜನರನ್ನು ಕರೆತಂದು, ಫೋಟೊ ತೆಗೆದು, ಒಂದು ರೂಪಾಯಿಯನ್ನೂ ಹುಂಡಿಗೆ ಹಾಕದೆ ಹೋದದ್ದು ನಮ್ಮ ಉಸ್ತಾದರಿಗೆ ಇನ್ನೂ ನೆನಪಿದೆ.

ದೇವರಾಜ ಮೊಹಲ್ಲಾದವರು: ಆ ದಿನ ನಾನು ಉಸ್ತಾದರ ಕೈಗೇ ₹500 ಕೊಟ್ಟಿದ್ದೇನೆ, ಹುಂಡಿಗೆ ಹಾಕಲಿಲ್ಲವೆಂಬುದು ನಿಜ, ಕೊಡಲಿಲ್ಲವೆಂಬುದು ಸುಳ್ಳು. ಲೆಕ್ಕದ ಪುಸ್ತಕ ನನ್ನ ಬಳಿ ಇದೆ.

ನಜರ್‌ಬಾದ್ ಗರಡಿಯವರು: ಮೂವತ್ತು ಜನಕ್ಕೆ ₹150ರಂತೆ ₹4,500 ವಸೂಲಾಯಿತು, ಗರಡಿಗೆ ₹500. ಪುಸ್ತಕ ತನ್ನಿ, ಉಸ್ತಾದರ ಮುಂದೆಯೇ ಓದೋಣ.

ಕೃಷ್ಣರಾಜ ಮೊಹಲ್ಲಾದ ಗೃಹಿಣಿ: ಆ ಪುಸ್ತಕದಲ್ಲಿ ನಮ್ಮ ಮನೆಯ ಹೆಸರಿನ ಮುಂದೆ ಎಷ್ಟು ಬರೆದಿದೆಯೆಂದು ನನಗೂ ತಿಳಿಸಿ. ನಮಗೆ ಬಂದದ್ದು ಒಂದು ಶಾಲು, ಒಂದು ಹಾರ.