ಮಂಡಿಗೆ ಜೆಲ್ ಇಂಜೆಕ್ಷನ್ ಹಾಕಿಸಿದ ಮೇಲೆ ಊತ, ನೋವು ಜಾಸ್ತಿ ಆಗಿದೆ. ಯಾರಿಗಾದರೂ ಹೀಗಾಗಿತ್ತಾ?

ಪ್ರಶ್ನೆ: ಹಂಸಧ್ವನಿ

ಎಲ್ಲರಿಗೂ ನಮಸ್ಕಾರ. ಅಮ್ಮನ ವಿಷಯ ಕೇಳಬೇಕಿತ್ತು. ಎರಡೂ ಮಂಡಿ ಸವೆದಿವೆ, ಬಲಗಡೆಯದು ಜಾಸ್ತಿ. ಶುಗರ್ ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಹೋದ ವರ್ಷ ಬಲ ಮಂಡಿಗೆ ಸ್ಟೀರಾಯ್ಡ್ ಹಾಕಿದ್ದರು. ನೋವೇನೋ ಕಡಿಮೆ ಆಯ್ತು, ಆದರೆ ಶುಗರ್ ಒಮ್ಮೆಲೇ ಏರಿ ನಮಗೆಲ್ಲ ಗಾಬರಿ ಹಿಡಿಸಿತ್ತು. ಸೂಜಿ ಚುಚ್ಚಿದ ಜಾಗದಲ್ಲಿ ಚರ್ಮ ಬೆಳ್ಳಗಾಗಿ ಸ್ವಲ್ಪ ಒಳಕ್ಕೆ ಇಳಿದ ಹಾಗೆ ಇದೆ, ಇನ್ನೂ ಪೂರ್ತಿ ಹೋಗಿಲ್ಲ.

ಅದಕ್ಕೇ ಈ ಸಲ ಜೆಲ್ (ಕೀಲಿನೊಳಗಿನ ಜಾರುವ ದ್ರವದ ಹಾಗಿರುವ ಹಯಲುರಾನಿಕ್ ಆಮ್ಲ) ಹಾಕೋಣ ಅಂದರು. ವಾರಕ್ಕೊಂದರಂತೆ ಮೂರು. ಮೊದಲನೆಯದು ಏನೂ ತೊಂದರೆ ಕೊಡಲಿಲ್ಲ. ಎರಡನೆಯದು ಹಾಕಿಸಿದ ಮಾರನೇ ದಿನ ರಾತ್ರಿಯಿಂದ ಮಂಡಿ ಊದಿಕೊಂಡಿದೆ, ಚಿಪ್ಪು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ, ಮುಟ್ಟಿದರೆ ಬಿಸಿ. ಕಾಲು ಮಡಚಲು ಆಗುತ್ತಿಲ್ಲ. ಬಚ್ಚಲಿಗೆ ಹೋಗಲು ಗೋಡೆ ಹಿಡಿದುಕೊಂಡು, ಒಂದು ಕಾಲನ್ನು ಎಳೆದುಕೊಂಡು ಹೋಗುತ್ತಾರೆ. ಜ್ವರ ಇಲ್ಲ. ಕ್ಲಿನಿಕ್‌ಗೆ ಫೋನ್ ಮಾಡಿದರೆ "ಇದು ಮಾಮೂಲಿ, ಐಸ್ ಇಡಿ, ಪ್ಯಾರಾಸಿಟಮಾಲ್ ಕೊಡಿ, ಮುಂದಿನ ವಾರ ಮೂರನೆಯದಕ್ಕೆ ಬನ್ನಿ" ಅಂದರು.

ಇದು ನಿಜಕ್ಕೂ ಮಾಮೂಲಿನಾ? ಸೋಂಕು ಆಗಿದೆಯಾ ಇಲ್ವಾ ಅಂತ ಹೇಗೆ ಗೊತ್ತಾಗುತ್ತದೆ? ಮೂರನೆಯದು ಹಾಕಿಸಬಹುದಾ? ಹಾಕಿಸಿಕೊಂಡವರು ದಯವಿಟ್ಟು ಹೇಳಿ.

ಉತ್ತರ: ಸವೆದಮಂಡಿ

ಮೊದಲು ಒಂದು ಮಾತು. ಇವತ್ತೇ ಕರೆದುಕೊಂಡು ಹೋಗಿ ತೋರಿಸಿ, ಫೋನಿನಲ್ಲಿ ತೀರ್ಮಾನ ಮಾಡುವ ವಿಷಯ ಇದಲ್ಲ. ಆ ಕ್ಲಿನಿಕ್‌ನಲ್ಲಿ ಸಮಯ ಸಿಗದಿದ್ದರೆ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ನನಗೂ ಜೆಲ್‌ನಲ್ಲೇ ಹೀಗಾಗಿತ್ತು, ಅದೂ ಎರಡನೇ ಸಲವೇ. ಆಮೇಲೆ ಡಾಕ್ಟರು ವಿವರಿಸಿದ್ದು ಇಷ್ಟು. ಕೆಲವರ ಮೈ ಜೆಲ್ ಅನ್ನು ಹೊರಗಿನ ವಸ್ತು ಅಂತ ಗುರುತಿಸಿ ತಿರುಗಿ ಬೀಳುತ್ತದೆ. ಹಾಕಿಸಿದ ಒಂದರಿಂದ ಮೂರು ದಿನದೊಳಗೆ ಮಂಡಿ ಊದಿ, ಬಿಸಿಯಾಗಿ, ನೋಡುವುದಕ್ಕೆ ಥೇಟ್ ಸೋಂಕಿನ ಹಾಗೇ ಕಾಣಿಸುತ್ತದೆ. ಮೊದಲನೆಯ ಇಂಜೆಕ್ಷನ್‌ಗಿಂತ ಎರಡನೆಯದಕ್ಕೆ, ಮೂರನೆಯದಕ್ಕೆ, ಇಲ್ಲವೇ ಮರುವರ್ಷ ಮತ್ತೆ ಕೋರ್ಸ್ ಶುರು ಮಾಡಿದಾಗ ಇದು ಕಾಣಿಸಿಕೊಳ್ಳುವುದು ಜಾಸ್ತಿ. ಜೆಲ್ ಬೇಗ ಕರಗದಿರಲಿ ಅಂತ ಅದರ ಎಳೆಗಳನ್ನು ಒಂದಕ್ಕೊಂದು ಹೆಣೆದು ಗಟ್ಟಿ ಮಾಡಿರುತ್ತಾರಲ್ಲ, ಅಂಥದ್ದರಲ್ಲಿ ಇನ್ನೂ ಹೆಚ್ಚು. ಕೆಲವು ಬ್ರ್ಯಾಂಡ್‌ಗಳನ್ನು ಹುಂಜದ ಜುಟ್ಟಿನಿಂದ ತೆಗೆಯುತ್ತಾರೆ, ಸಿನ್ವಿಸ್ಕ್ ಅಂಥದ್ದು. ಮೊಟ್ಟೆ, ಕೋಳಿ, ಗರಿ ಆಗಿಬರದವರು ಅದನ್ನು ಮೊದಲೇ ಹೇಳಬೇಕು. ನನ್ನನ್ನು ಯಾರೂ ಕೇಳಿರಲಿಲ್ಲ.

ಆದರೆ ಇದು ಅಂಥ ರಿಯಾಕ್ಷನ್ನೋ, ನಿಜವಾದ ಸೋಂಕೋ ಅಂತ ಮೇಲಿನಿಂದ ನೋಡಿ ಯಾರೂ ಹೇಳಲು ಸಾಧ್ಯವಿಲ್ಲ. ಮಂಡಿಯಿಂದ ನೀರು ತೆಗೆದು ಲ್ಯಾಬ್‌ಗೆ ಕಳಿಸಲೇಬೇಕು. ಬಿಳಿ ರಕ್ತಕಣ ಎಷ್ಟಿವೆ, ಹರಳುಗಳಿವೆಯಾ, ರೋಗಾಣು ಬೆಳೆಯುತ್ತದಾ (ಇದಕ್ಕೇ ಕಲ್ಚರ್ ಅನ್ನುವುದು) ಅಂತ ನೋಡುತ್ತಾರೆ. ನನಗೆ ತೆಗೆದಾಗ ದೊಡ್ಡ ಸಿರಿಂಜ್ ತುಂಬ ಹಳದಿ ಬಣ್ಣದ, ಮಸುಕು ಮಸುಕಾದ ನೀರು ಬಂತು. ಸೂಜಿ ಒಳಗಿರುವಾಗಲೇ ಬಿಗಿತ ಇಳಿಯುವುದು ಗೊತ್ತಾಗುತ್ತಿತ್ತು. ಅಲ್ಲಿಯವರೆಗೆ ಮಡಚಲು ಆಗದ ಕಾಲನ್ನು ಮೇಜಿನ ಮೇಲೇ ಅರ್ಧ ಮಡಚಿದೆ. ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಮೂರನೆಯದನ್ನು ಡಾಕ್ಟರೇ ಬೇಡ ಅಂದರು.

ಇನ್ನೊಂದು. ನೀರು ತೆಗೆಯುವ ಮೊದಲೇ ಮನೆಯಲ್ಲಿದ್ದ ಯಾವುದೋ ಆಂಟಿಬಯಾಟಿಕ್ ಕೊಡಬೇಡಿ. ಕೊಟ್ಟರೆ ರೋಗಾಣು ಇದ್ದರೂ ಕಲ್ಚರ್‌ನಲ್ಲಿ ಸಿಗದೇ ಹೋಗಬಹುದು, ಆಮೇಲೆ ಯಾವ ಔಷಧಿ ಕೊಡಬೇಕು ಅಂತ ಗೊತ್ತಾಗದೆ ಒದ್ದಾಡಬೇಕು.

ಉತ್ತರ: ಬೆಳಗಿನಪಾಳಿ

ನಾನು ಮೂಳೆ ವಿಭಾಗದಲ್ಲಿ ನರ್ಸ್. ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಜ್ವರ ಇಲ್ಲ ಅನ್ನುವುದನ್ನು ಮಾತ್ರ ನಂಬಿಕೊಂಡು ಕೂರಬೇಡಿ. ವಯಸ್ಸಾದವರಲ್ಲಿ, ಶುಗರ್ ಇರುವವರಲ್ಲಿ ಕೀಲಿನೊಳಗೆ ಸೋಂಕಾಗಿದ್ದರೂ ಜ್ವರ ಬರದೇ ಇರಬಹುದು. ಇಂಜೆಕ್ಷನ್‌ನಿಂದ ಸೋಂಕಾಗುವುದು ತುಂಬಾ ಅಪರೂಪ, ಸಾವಿರಾರು ಜನರಲ್ಲಿ ಒಬ್ಬರಿಗೆ. ಆದರೆ ಆಗಿಬಿಟ್ಟರೆ ಕೆಲವೇ ದಿನದಲ್ಲಿ ಕೀಲು ಹಾಳಾಗುತ್ತದೆ. ಅದಕ್ಕೇ ಇಷ್ಟು ಅವಸರ ಮಾಡುವುದು.

ನಾವು ಫೋನಿನಲ್ಲಿ ಮೊದಲು ಕೇಳುವುದು ನೋವು ಯಾವಾಗ ಶುರುವಾಯ್ತು, ಈಗ ಯಾವ ಕಡೆ ಹೋಗುತ್ತಿದೆ ಅಂತ. ಹಾಕಿಸಿದ ದಿನ ಸಂಜೆಯೇ ನೋವು ಬಂದರೆ ಸಾಮಾನ್ಯವಾಗಿ ಹೆದರುವಂಥದ್ದಲ್ಲ. ಔಷಧಿ ಜೊತೆ ಮರಗಟ್ಟಿಸುವ ಲಿಗ್ನೋಕೇನ್ ಸೇರಿಸಿದ್ದರೆ ಅದು ಕೆಲವು ಗಂಟೆಯಲ್ಲಿ ಇಳಿದುಹೋಗುತ್ತದೆ, ಆಗ ಹಳೇ ನೋವು ವಾಪಸ್ ಬರುತ್ತದೆ. ಸ್ಟೀರಾಯ್ಡ್ ಆದರೆ ಒಂದೆರಡು ದಿನ ನೋವು ಮೊದಲಿಗಿಂತ ಜಾಸ್ತಿಯಾಗಿ ಆಮೇಲೆ ತಾನೇ ಇಳಿಯುವುದೂ ಉಂಟು. ಇವೆಲ್ಲ ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಮೂರನೇ ದಿನಕ್ಕೂ ಏರುತ್ತಲೇ ಇದ್ದರೆ, ಅಥವಾ ಒಂದೆರಡು ದಿನ ಚೆನ್ನಾಗಿದ್ದು ಆಮೇಲೆ ಹೊಸದಾಗಿ ಕೆಂಪಾಗಿ ಊದಿಕೊಂಡರೆ, ಚಳಿ ನಡುಕ ಬಂದರೆ, ಕಾಲೂರಲು ಆಗದಿದ್ದರೆ ತಡ ಮಾಡಬಾರದು. ನಿಮ್ಮ ಅಮ್ಮನಿಗೆ ಕಾಲೂರಲು ಆಗುತ್ತಿಲ್ಲ. ನನಗೆ ಅಷ್ಟು ಸಾಕು.

ಹೋದ ವರ್ಷದ ಶುಗರ್ ವಿಷಯ. ಸ್ಟೀರಾಯ್ಡ್ ಮಂಡಿಯೊಳಗೆ ಹಾಕಿದರೂ ಒಂದಿಷ್ಟು ರಕ್ತಕ್ಕೆ ಸೇರಿಯೇ ಸೇರುತ್ತದೆ. ಶುಗರ್ ಇರುವವರಿಗೆ ಮೊದಲ ಎರಡು ಮೂರು ದಿನ ಚೆನ್ನಾಗಿ ಏರುತ್ತದೆ, ವಾರದ ಹೊತ್ತಿಗೆ ಸಾಮಾನ್ಯವಾಗಿ ಇಳಿಯುತ್ತದೆ. ಅಷ್ಟು ದಿನ ಮನೆಯಲ್ಲೇ ಹೆಚ್ಚು ಸಲ ನೋಡಿಕೊಳ್ಳಬೇಕು. ಮುಖ ಕೆಂಪಾಗಿ ಬಿಸಿ ಬಿಸಿ ಅನ್ನಿಸುವುದು, ಒಂದೆರಡು ರಾತ್ರಿ ನಿದ್ದೆ ಬಾರದಿರುವುದು, ಹೆಂಗಸರಿಗೆ ಮುಟ್ಟು ಏರುಪೇರಾಗುವುದು, ಇವೂ ಇದರಿಂದ ಆಗಬಹುದು. ಆದರೆ ಮುಟ್ಟು ನಿಂತವರಿಗೆ ರಕ್ತ ಕಂಡರೆ ಇಂಜೆಕ್ಷನ್ ಮೇಲೆ ಹಾಕಿ ಸುಮ್ನಾಗಬೇಡಿ, ತೋರಿಸಲೇಬೇಕು. ಬಿಳಿ ಮಚ್ಚೆಯೂ ಸ್ಟೀರಾಯ್ಡ್‌ನದೇ. ಔಷಧಿ ಕೀಲಿನ ಹೊರಗೆ ಚರ್ಮದ ಕೆಳಗೆ ಸೋರಿದರೆ ಅಲ್ಲಿನ ಬಣ್ಣ, ಕೊಬ್ಬು ಎರಡೂ ಕರಗುತ್ತವೆ. ಬಹಳ ಜನರಿಗೆ ನಿಧಾನಕ್ಕೆ ತುಂಬಿಕೊಳ್ಳುತ್ತದೆ, ತಿಂಗಳುಗಟ್ಟಲೆ ಹಿಡಿಯುತ್ತದೆ.

ಹೋಗುವಾಗ ಹಾಕಿದ ಇಂಜೆಕ್ಷನ್‌ನ ಡಬ್ಬಿ ಇದ್ದರೆ ತೆಗೆದುಕೊಂಡು ಹೋಗಿ. ಇಲ್ಲದಿದ್ದರೆ ಹೆಸರು, ಬ್ಯಾಚ್ ನಂಬರ್ ಕ್ಲಿನಿಕ್‌ನಿಂದ ಬರೆಸಿಕೊಳ್ಳಿ. ಎಮರ್ಜೆನ್ಸಿಯಲ್ಲಿರುವವರಿಗೆ ಬರೀ "ಜೆಲ್" ಅಂದರೆ ಏನೂ ತಿಳಿಯುವುದಿಲ್ಲ.

ಹಂಸಧ್ವನಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಓದಿದ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನೀರು ತೆಗೆದರು, ರಕ್ತವನ್ನೂ ಪರೀಕ್ಷೆ ಮಾಡಿದರು. ಸ್ಲೈಡ್‌ನಲ್ಲಿ ರೋಗಾಣು ಕಾಣಲಿಲ್ಲ, ಆದರೂ ಕಲ್ಚರ್ ರಿಪೋರ್ಟ್ ಬರುವ ತನಕ ಅಲ್ಲೇ ಇರಿಸಿಕೊಂಡರು. ಈಗ ಬಂದಿದೆ, ಏನೂ ಬೆಳೆದಿಲ್ಲ. ಜೆಲ್‌ಗೆ ಆದ ರಿಯಾಕ್ಷನ್ ಅಂತಲೇ ಬರೆದುಕೊಟ್ಟಿದ್ದಾರೆ, ಮುಂದೆ ಈ ಜೆಲ್ ಹಾಕಿಸಲೇಬೇಡಿ ಅಂತ ಕಡತದ ಮೇಲೂ ಕೆಂಪು ಶಾಯಿಯಲ್ಲಿ ಬರೆದರು. ಊತ ಅರ್ಧಕ್ಕರ್ಧ ಇಳಿದಿದೆ, ವಾಕರ್ ಹಿಡಿದು ನಡೆಯುತ್ತಿದ್ದಾರೆ.

ಕಾಯುತ್ತಿದ್ದ ಹೊತ್ತಿನಲ್ಲಿ ಅಮ್ಮ ಒಂದೇ ಮಾತು ಕೇಳುತ್ತಿದ್ದರು, "ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ನಿಜ, ಸಹಿ ಹಾಕಿಸಿಕೊಂಡ ಕಾಗದದಲ್ಲಿ ಎಲ್ಲ ಸಣ್ಣ ಅಕ್ಷರದಲ್ಲಿ ಇತ್ತು. ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಈಗ ಪರಿಚಯದವರೊಬ್ಬರು ಪಿಆರ್‌ಪಿ (ರೋಗಿಯದೇ ರಕ್ತದಿಂದ ಬೇರ್ಪಡಿಸಿದ, ಪ್ಲೇಟ್‌ಲೆಟ್ ಹೆಚ್ಚಿರುವ ದ್ರವ) ಹಾಕಿಸಿ, ನಿಮ್ಮದೇ ರಕ್ತ ಆದ್ದರಿಂದ ಸೈಡ್ ಎಫೆಕ್ಟ್ ಏನೂ ಇರಲ್ಲ ಅನ್ನುತ್ತಿದ್ದಾರೆ. ಹೌದಾ?

ಉತ್ತರ: ಓದುಗೂಡು

ಅಮ್ಮ ಹುಷಾರಾಗುತ್ತಿರುವುದು ಕೇಳಿ ಸಮಾಧಾನ ಆಯ್ತು. ಪಿಆರ್‌ಪಿ ಬಗ್ಗೆ ಹೇಳುತ್ತೇನೆ, ನನ್ನ ತಂದೆಗೆ ಹಾಕಿಸಿದ್ದೆವು, ಹಾಗಾಗಿ ಸಾಕಷ್ಟು ಓದಿಕೊಂಡಿದ್ದೇನೆ.

ಸ್ವಂತ ರಕ್ತ ಆದ್ದರಿಂದ ಅಲರ್ಜಿ ಭಯ ಕಡಿಮೆ, ಅಷ್ಟು ನಿಜ. ಆದರೆ ಏನೂ ಆಗುವುದಿಲ್ಲ ಅನ್ನುವುದು ಸುಳ್ಳು. ಹಾಕಿಸಿದ ಮೇಲೆ ಕೆಲವು ದಿನ ನೋವು, ಬಿಗಿತ ಇರುತ್ತದೆ, ಅಪ್ಪ ಮಂಚ ಬಿಟ್ಟು ಏಳಲಿಲ್ಲ. ಮೇಲಾಗಿ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆ ಆ ಸಮಯದಲ್ಲಿ ಬೇಡ ಅನ್ನುತ್ತಾರೆ, ಹಾಗಾಗಿ ನೋವು ಸಹಿಸಿಕೊಳ್ಳಬೇಕಾಗುತ್ತದೆ. ಸೂಜಿ ಕೀಲಿನೊಳಗೆ ಹೋಗುತ್ತದೆ ಅಂದಮೇಲೆ ಸೋಂಕಿನ ಅಪಾಯ ಇದಕ್ಕೂ ಇದ್ದೇ ಇದೆ.

ಅದಕ್ಕಿಂತ ದೊಡ್ಡ ಪ್ರಶ್ನೆ, ಇಷ್ಟೆಲ್ಲ ಸಹಿಸಿದ್ದಕ್ಕೆ ಲಾಭ ಇದೆಯಾ ಅನ್ನುವುದು. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಮಾಡಿದ ಅಧ್ಯಯನ 2021ರಲ್ಲಿ ಬಂತು. ಅರ್ಧ ಜನರಿಗೆ ಪಿಆರ್‌ಪಿ, ಉಳಿದವರಿಗೆ ಬರೀ ಉಪ್ಪುನೀರು. ವರ್ಷದ ಮೇಲೆ ನೋಡಿದರೆ ನೋವಿನಲ್ಲೂ, ಕಾರ್ಟಿಲೇಜ್ (ಕೀಲಿನಲ್ಲಿ ಮೂಳೆ ತುದಿಯ ನುಣುಪಾದ ಹೊದಿಕೆ) ಸವೆತದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಅಮೆರಿಕದ ಕೀಲುರೋಗ ತಜ್ಞರ ಸಂಸ್ಥೆ 2019ರ ಮಾರ್ಗಸೂಚಿಯಲ್ಲೇ ಮಂಡಿ ಸವೆತಕ್ಕೆ ಪಿಆರ್‌ಪಿ ಬೇಡ ಅಂತ ಗಟ್ಟಿಯಾಗಿ ಹೇಳಿದೆ. ಜೆಲ್ ಬಗ್ಗೆ 2022ರಲ್ಲಿ 169 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಉಪ್ಪುನೀರಿನಂಥ ಹುಸಿ ಇಂಜೆಕ್ಷನ್‌ಗಿಂತ ನೋವು ಸ್ವಲ್ಪವೇ ಕಡಿಮೆ, ರೋಗಿಗೆ ಗೊತ್ತಾಗುವಷ್ಟಲ್ಲ, ಆದರೆ ಗಂಭೀರ ತೊಂದರೆಗಳು ಜೆಲ್ ಗುಂಪಿನಲ್ಲಿ ಜಾಸ್ತಿ. ಇದನ್ನು ಓದಿದ ಮೇಲೆ ನನಗೆ ಸಿಟ್ಟು ಬಂದಿದ್ದು ನಿಜ. ನಡೆಯಲಾಗದೆ ಬಂದವರ ಕೈಗೆ ಈ ವಿಷಯ ಕೊಟ್ಟು, ಆಮೇಲೆ ನೀವೇ ತೀರ್ಮಾನ ಮಾಡಿ ಅನ್ನಬೇಕಲ್ವಾ?

ಸ್ಟೀರಾಯ್ಡ್ ಬೇರೆ ಥರ. ನೋವು ಬೇಗ ಇಳಿಸುತ್ತದೆ, ಆದರೆ ಕೆಲವು ವಾರ ಅಷ್ಟೇ. 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ 140 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಟ್ರಯಾಮ್ಸಿನೊಲೋನ್ ಅನ್ನುವ ಸ್ಟೀರಾಯ್ಡ್, ಇನ್ನೊಂದಕ್ಕೆ ಉಪ್ಪುನೀರು, ಮೂರು ತಿಂಗಳಿಗೊಮ್ಮೆ ಎರಡು ವರ್ಷ ಕೊಟ್ಟರು. ಸ್ಟೀರಾಯ್ಡ್ ಪಡೆದವರ ಕಾರ್ಟಿಲೇಜ್ ಜಾಸ್ತಿ ಸವೆದಿತ್ತು, ನೋವಿನಲ್ಲಿ ಮಾತ್ರ ಎರಡೂ ಗುಂಪು ಒಂದೇ. ತೀರಾ ನಡೆಯಲು ಆಗದಾಗ ಒಮ್ಮೆ ಹಾಕಿಸುವುದು ಬೇರೆ, ಮೂರು ತಿಂಗಳಿಗೊಮ್ಮೆ ಅಂತ ವಾಡಿಕೆ ಮಾಡಿಕೊಳ್ಳುವುದು ಬೇರೆ. ಮುಂದೆ ಮಂಡಿ ಬದಲಿಸುವ ಆಪರೇಷನ್ ಯೋಚನೆ ಇದ್ದರೆ ಇಂಜೆಕ್ಷನ್ ಆದ ಮೇಲೆ ಕನಿಷ್ಠ ಮೂರು ತಿಂಗಳು ಬಿಡಬೇಕು, ಇಲ್ಲದಿದ್ದರೆ ಹೊಸ ಕೀಲಿಗೆ ಸೋಂಕು ತಗಲುವ ಅಪಾಯ ಹೆಚ್ಚು.

ಉತ್ತರ: ನಡಿಗೆಯೇಮದ್ದು

ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನಗೆ ಜೆಲ್ ಒಳ್ಳೆಯದೇ ಮಾಡಿದೆ. ಹಾಕಿಸಿದ ಜಾಗದಲ್ಲಿ ಎರಡು ದಿನ ನೋವಿತ್ತು, ಅಷ್ಟೇ. ಆಮೇಲೆ ಬಹಳ ತಿಂಗಳು ಮೆಟ್ಟಿಲು ಹತ್ತಿ ಇಳಿದಿದ್ದೇನೆ. ಅಧ್ಯಯನ ಸರಾಸರಿ ಹೇಳುತ್ತದೆ, ನನ್ನ ಮಂಡಿಯದು ನನಗೆ ಗೊತ್ತು. ಇಲ್ಲಿ ಓದಿದವರು ಹೆದರಿ, ಇಂಜೆಕ್ಷನ್ ಅಂದರೇ ಓಡುವಂತಾಗಬಾರದು.

ಆದರೂ ಒಂದು ಒಪ್ಪುತ್ತೇನೆ. ಅದೇ ಸಮಯದಲ್ಲಿ ನಾನು ತೊಡೆಯ ವ್ಯಾಯಾಮವನ್ನೂ ಶುರು ಮಾಡಿದ್ದೆ, ತೂಕವನ್ನೂ ಇಳಿಸಿದ್ದೆ. ಯಾವುದರಿಂದ ಎಷ್ಟು ಗುಣವಾಯ್ತು ಅಂತ ಬಿಡಿಸಿ ಹೇಳಲಾರೆ.

ಉತ್ತರ: ಓದುಗೂಡು

ನಿಮಗೆ ಒಳ್ಳೆಯದಾಗಿದ್ದು ಸಂತೋಷ, ಅದನ್ನು ಸುಳ್ಳು ಅನ್ನುತ್ತಿಲ್ಲ. ನೀವು ವ್ಯಾಯಾಮ ಅಂದಿರಲ್ಲ, ಅದರ ಬಗ್ಗೆಯೂ ಲೆಕ್ಕ ಇದೆ. 2020ರಲ್ಲಿ 156 ಜನರಲ್ಲಿ ಅರ್ಧ ಮಂದಿಗೆ ಸ್ಟೀರಾಯ್ಡ್, ಅರ್ಧ ಮಂದಿಗೆ ಫಿಸಿಯೋಥೆರಪಿ ಕೊಟ್ಟು ನೋಡಿದರು. ವರ್ಷ ಕಳೆದ ಮೇಲೆ ಫಿಸಿಯೋ ಮಾಡಿದವರಿಗೇ ನೋವು ಕಡಿಮೆ, ಓಡಾಟ ಹೆಚ್ಚು.

ಹಂಸಧ್ವನಿ

ಪಿಆರ್‌ಪಿ ಸದ್ಯಕ್ಕೆ ಬೇಡ ಅಂತ ಅಮ್ಮನೇ ಹೇಳಿಬಿಟ್ಟರು. ಊತ ಪೂರ್ತಿ ಇಳಿದ ಮೇಲೆ ಫಿಸಿಯೋ ಶುರು ಮಾಡಲು ಹೇಳಿದ್ದಾರೆ. ಇನ್ನೊಂದೇ ಪ್ರಶ್ನೆ: ನೋವು ಮತ್ತೆ ತಡೆಯಲಾರದಷ್ಟು ಆಗಿ ಸ್ಟೀರಾಯ್ಡ್ ಹಾಕಿಸಲೇಬೇಕಾಗಿ ಬಂದರೆ ಮೊದಲು ಏನೇನು ಹೇಳಬೇಕು?

ಉತ್ತರ: ಬೆಳಗಿನಪಾಳಿ

ಶುಗರ್ ಇದೆ, ಹಿಂದೆ ಏರಿತ್ತು ಅಂತ ಹೇಳಿ, ಆಗಿನ ಅಂಕಿಗಳನ್ನು ಬರೆದಿಟ್ಟಿದ್ದರೆ ತೋರಿಸಿ. ಶುಗರ್ ತೀರಾ ಹತೋಟಿ ತಪ್ಪಿದ್ದರೆ ಕೆಲವರು ಮುಂದೂಡುತ್ತಾರೆ. ಬಿಳಿ ಮಚ್ಚೆ ತೋರಿಸಿ, ಅಲ್ಟ್ರಾಸೌಂಡ್ ನೋಡಿಕೊಂಡು ಹಾಕಿ ಅಂತ ಕೇಳಿ, ಸೂಜಿ ಕೀಲಿನೊಳಗೇ ಇದೆಯಾ ಅಂತ ಗೊತ್ತಾಗುತ್ತದೆ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಹೇಳಿ, ನೀವಾಗಿ ಮಾತ್ರ ನಿಲ್ಲಿಸಬೇಡಿ. ಮೈಯಲ್ಲಿ ಎಲ್ಲಾದರೂ ಗಾಯ, ಕೀವು, ಜ್ವರ, ಮೂತ್ರದ ಸೋಂಕು ಇದ್ದರೆ ಅದು ವಾಸಿಯಾಗುವ ತನಕ ಹಾಕಿಸುವುದೇ ಬೇಡ. ಮತ್ತೆ, ರಾತ್ರಿ ಹೊತ್ತು ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಕೇಳಿ ಬರೆದುಕೊಂಡೇ ಹೊರಗೆ ಬನ್ನಿ.